ಆಪ್ತ ಸಲಹೆ: ಕಾರ್ಖಾನೆಯೋ, ಸಾಫ್ಟ್‌ವೇರೋ?

ಪ್ರಶ್ನೆ: ನನಗೆ 34 ವರ್ಷ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪೀಣ್ಯದ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ಕಾರ್ಖಾನೆಯೊಂದರಲ್ಲಿ ಐದು ವರ್ಷ ದುಡಿದೆ. ಬಳಿಕ ಪ್ರೋಗ್ರಾಮಿಂಗ್ ಕಲಿತು ಸಾಫ್ಟ್‌ವೇರ್ ಕಂಪನಿಯಲ್ಲಿ ಮೂರು ವರ್ಷ ಇದ್ದೆ. ಈಗ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಪ್ರೊಸೆಸ್ ಎಂಜಿನಿಯರ್ ಆಗಿದ್ದು, ಯಂತ್ರಗಳ ಮಾಹಿತಿ ಸಂಗ್ರಹಿಸುವ ಪ್ರೋಗ್ರಾಂಗಳನ್ನೂ ಬರೆಯುತ್ತೇನೆ. ಸಂದರ್ಶನಕ್ಕೆ ಹೋದರೆ ಸಾಫ್ಟ್‌ವೇರಿನವರು ‘ನೀವು ಶಾಪ್ ಫ್ಲೋರಿನವರು’ ಎನ್ನುತ್ತಾರೆ. ಕಾರ್ಖಾನೆಯವರು ‘ನೀವು ನಿಲ್ಲುವವರಲ್ಲ’ ಎನ್ನುತ್ತಾರೆ. ಟ್ರಾಬ್ ಎಂಬ ಸ್ವಯಂಚಾಲಿತ ಲೇತ್ ಯಂತ್ರವನ್ನು ಕೆಲಸಕ್ಕೆ ಹೊಂದಿಸುವ ಸೆಟ್ಟರ್ ಆಗಿ ನಿವೃತ್ತರಾದ ಅಪ್ಪ, ‘ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀಯ’ ಎಂದು ನೊಂದುಕೊಳ್ಳುತ್ತಾರೆ. ಬ್ಯಾಂಕ್ ಸಾಫ್ಟ್‌ವೇರ್ ನಿರ್ವಹಿಸುವ ಕೆಲಸವೊಂದು ಹೆಚ್ಚಿನ ಸಂಬಳಕ್ಕೆ ಸಿಕ್ಕಿದೆ. ಹೋಗಲೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಸಂಬಳದ ವಿಚಾರವಲ್ಲ, ತಂದೆಯವರ ವೃತ್ತಿ. ಟ್ರಾಬ್ ಯಂತ್ರದಲ್ಲಿ ಕ್ಯಾಮ್ ಎಂಬ ಉಕ್ಕಿನ ತಟ್ಟೆ ಒಂದು ಸುತ್ತು ತಿರುಗಿದರೆ ಒಂದು ಬಿಡಿಭಾಗ ಸಿದ್ಧವಾಗುತ್ತದೆ. ಉಳಿ ಯಾವಾಗ ಮುಂದೆ ಬರಬೇಕು, ಎಷ್ಟು ನಿಧಾನವಾಗಿ ಲೋಹವನ್ನು ಕೊರೆಯಬೇಕು, ಯಾವಾಗ ಥಟ್ಟನೆ ಹಿಂದೆ ಸರಿಯಬೇಕು ಎಂಬುದೆಲ್ಲ ಆ ಉಕ್ಕಿನ ತಟ್ಟೆಯ ಅಂಚಿನ ಏರಿಳಿತದಲ್ಲಿ ಅಡಗಿರುತ್ತದೆ. ಅದು ಪ್ರೋಗ್ರಾಂ ಅಲ್ಲದೆ ಮತ್ತೇನು? 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ರಂಧ್ರ ಕೊರೆದ ಟೇಪಿನ ಆಜ್ಞೆಯಂತೆ ಮಿಲ್ಲಿಂಗ್ ಯಂತ್ರವೊಂದನ್ನು ನಡೆಸಿ ತೋರಿಸಿದಾಗ, ಅಂಥ ಆಜ್ಞೆ ಉಕ್ಕಿನಿಂದ ಟೇಪಿಗೆ ಬಂದಿತು; ಈಗ ಅದು ನಿಮ್ಮ ಕೀಲಿಮಣೆಯಲ್ಲಿದೆ. ತಂದೆಯವರಿಗೆ ಎರಡಾಗಿ ಕಾಣುತ್ತಿರುವ ದೋಣಿಗಳಲ್ಲಿ ಅವರೇ ಜೀವನವಿಡೀ ಸಾಗಿದವರು.

ಫ್ರಾನ್ಸಿನ ಪಿಯರ್ ಬೆಝಿಯೆ ಮೆಕ್ಯಾನಿಕಲ್ ಓದಿ, ಆಮೇಲೆ ಎಲೆಕ್ಟ್ರಿಕಲ್ ಓದಿ, 1933ರಲ್ಲಿ ರೆನೋ ಕಾರ್ಖಾನೆ ಸೇರಿದರು. ದಶಕಗಳ ಕಾಲ ಉಪಕರಣ ಮತ್ತು ಯಂತ್ರಗಳ ವಿನ್ಯಾಸದಲ್ಲಿ ತೊಡಗಿದ್ದವರು ಐವತ್ತು ದಾಟುವ ಹೊತ್ತಿಗೆ, ಕಾರಿನ ಹೊರಮೈಯನ್ನು ಗಣಿತದ ಮೂಲಕ ಕಂಪ್ಯೂಟರಿಗೆ ತಿಳಿಸುವ ಕೆಲಸಕ್ಕೆ ಇಳಿದರು. ಗಣಿತದ ಡಾಕ್ಟರೇಟ್ ಪಡೆದದ್ದು 1977ರಲ್ಲಿ, ನಿವೃತ್ತಿಯ ನಂತರ. ನೀವೀಗ ಪರದೆಯ ಮೇಲೆ ಓದುತ್ತಿರುವ ಕನ್ನಡ ಅಕ್ಷರಗಳ ದುಂಡನ್ನು ರೂಪಿಸಿರುವುದೂ ಅವರ ಹೆಸರಿನ ವಕ್ರರೇಖೆಗಳೇ.

ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಬ್ಯಾಂಕಿನ ಕೆಲಸಕ್ಕೆ ಹೋಗಬೇಡಿ. ಮನೆಯಲ್ಲಿ ಸಾಲದ ಒತ್ತಡವಿದ್ದರೆ ಮಾತು ಬೇರೆ. ಆಗ ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ. ಆದರೆ ಅಲ್ಲಿ ನಿಮ್ಮ ಕಾರ್ಖಾನೆಯ ವರ್ಷಗಳನ್ನು ಯಾರೂ ಕೇಳುವುದಿಲ್ಲ. ಚಹಾ ವಿರಾಮದ ನಂತರ ತಣ್ಣಗಾದ ಸ್ಪಿಂಡಲ್‌ನಿಂದ (ಯಂತ್ರದ ತಿರುಗುವ ಮುಖ್ಯ ದಂಡದಿಂದ) ಬರುವ ಮೊದಲ ಕೆಲವು ಬಿಡಿಭಾಗಗಳ ಅಳತೆ ಮೈಕ್ರಾನುಗಳಷ್ಟು ಸರಿಯುತ್ತದೆ. ಅಂಕಿಗಳನ್ನಷ್ಟೇ ಬಲ್ಲ ಪ್ರೋಗ್ರಾಮರ್ ಅದನ್ನು ದೋಷಪೂರ್ಣ ಮಾಹಿತಿಯೆಂದು ಅಳಿಸಿಬಿಡಬಹುದು. ಯಂತ್ರವನ್ನಷ್ಟೇ ಬಲ್ಲವರು ಆಫ್‌ಸೆಟ್ (ಯಂತ್ರಕ್ಕೆ ಕೊಟ್ಟಿರುವ ಅಳತೆಯ ಹೊಂದಾಣಿಕೆ) ತಿದ್ದಿ ಮುಂದೆ ಸಾಗಬಹುದು. ಅದೇಕೆ ದಿನವೂ ಅದೇ ಹೊತ್ತಿಗೆ ಆಗುತ್ತದೆಂದು ಕಂಡುಹಿಡಿದು, ತಡೆಯುವ ಪ್ರೋಗ್ರಾಂ ಬರೆಯಬಲ್ಲವರು ನಿಮ್ಮಂಥವರು.

ಒಂದು ತಪ್ಪು ನಿಮ್ಮ ಕಡೆಯಲ್ಲೂ ಇರಬಹುದೆಂದು ನನ್ನ ಅನುಮಾನ. ನೀವು ಬರೆದ ಪ್ರೋಗ್ರಾಂಗಳನ್ನು ನಿಮ್ಮ ಹೊರತು ಬೇರೆ ಯಾರಾದರೂ ತೆರೆದು ತಿದ್ದಬಲ್ಲರೇ? ಇಲ್ಲವಾದರೆ ಆಡಳಿತದ ಕಣ್ಣಿಗೆ ಅವು ನಿಮ್ಮ ಹವ್ಯಾಸವಾಗಿ ಕಾಣುತ್ತವೆಯೇ ಹೊರತು ಕಾರ್ಖಾನೆಯ ಆಸ್ತಿಯಾಗಿ ಅಲ್ಲ, ಮತ್ತು ‘ನಿಲ್ಲುವವರಲ್ಲ’ ಎಂಬ ಭಯಕ್ಕೂ ಅದೇ ಮೂಲ. ವಿವರಣೆ ಬರೆದಿಡಿ, ಕಿರಿಯ ಸಹೋದ್ಯೋಗಿಯೊಬ್ಬರಿಗೆ ಕಲಿಸಿ, ರಿಜೆಕ್ಷನ್ (ತಿರಸ್ಕೃತವಾಗುವ ಬಿಡಿಭಾಗಗಳು) ಎಷ್ಟಿದ್ದದ್ದು ಎಷ್ಟಕ್ಕೆ ಇಳಿಯಿತೆಂದು ದಾಖಲಿಸಿ. ಅದನ್ನು ಮುಂದಿಟ್ಟುಕೊಂಡು ಈ ಹೊಣೆಗೆ ತಕ್ಕ ಹುದ್ದೆ ಮತ್ತು ಸಂಬಳವನ್ನು ಈಗಿನ ಕಾರ್ಖಾನೆಯಲ್ಲೇ ಕೇಳಿ. ಆರು ತಿಂಗಳಲ್ಲಿ ಉತ್ತರ ಬಾರದಿದ್ದರೆ ಯಂತ್ರೋಪಕರಣ ತಯಾರಕರು, ಅಳತೆ ಯಂತ್ರಗಳ ಕಂಪನಿಗಳು, ಸಿಎಎಂ (ಕಂಪ್ಯೂಟರ್ ನೆರವಿನ ತಯಾರಿಕೆ) ಸಾಫ್ಟ್‌ವೇರ್ ರೂಪಿಸುವವರು ಇವರತ್ತ ನೋಡಿ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನದಲ್ಲಿ ಇಂಥವರೆಲ್ಲ ಒಂದೇ ಆವರಣದಲ್ಲಿ ಸಿಗುತ್ತಾರೆ. ಕಾರ್ಖಾನೆಯ ಡ್ರಾಯಿಂಗ್ ಅಥವಾ ಕೋಡನ್ನು ಮಾತ್ರ ಹೊರಗೆ ಒಯ್ಯಬೇಡಿ.

ಕೆಲಸದ ಪತ್ರಕ್ಕೆ ಉತ್ತರಿಸುವ ಮೊದಲು ಒಂದು ಭಾನುವಾರ ತಂದೆಯವರ ಬಳಿ ಕುಳಿತು, ಸಣ್ಣದೊಂದು ಪಿನ್ನಿಗೆ ಅವರು ಕ್ಯಾಮ್ ಹೇಗೆ ಲೆಕ್ಕ ಹಾಕುತ್ತಿದ್ದರೆಂದು ಕೇಳಿ, ಅದೇ ಪಿನ್ನಿಗೆ ನೀವು ಬರೆಯುವ ಪ್ರೋಗ್ರಾಂ ಅನ್ನು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ ತೋರಿಸಿ.