ಪಾಸ್‌ಬುಕ್ ಫೋಟೋಗೆ ಬೀಗ ಹಾಕೋದು ಹೇಗೆ?

ಪ್ರಶ್ನೆ: ನಾನು ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ರೇಷ್ಮೆ ಬೆಳೆಗಾರ. ಮನೆಯವರೆಲ್ಲರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ, ಮಗಳ ಮಾರ್ಕ್ಸ್ ಕಾರ್ಡ್ ಎಲ್ಲಾ ನನ್ನ ಫೋನ್‌ನಲ್ಲೇ ಇವೆ. ಸಂಜೆಯಾದರೆ ಫೋನ್ ಮಕ್ಕಳ ಕೈಗೆ ಹೋಗುತ್ತೆ. ಮೊನ್ನೆ ತಮ್ಮನ ಮಗ ಪಾಸ್‌ಬುಕ್ ಫೋಟೋನ ಯಾರಿಗೋ ಕಳಿಸಿಬಿಟ್ಟಿದ್ದ. ಈ ಕಾಗದಗಳಿಗಷ್ಟೇ ಪಾಸ್‌ವರ್ಡ್ ಹಾಕಬಹುದಾ? ಅದಕ್ಕೆ ದುಡ್ಡು ಕೊಟ್ಟು ಆ್ಯಪ್ ತಗೋಬೇಕಾ?

ಉತ್ತರ: ಹಾಕಬಹುದು. ಒಂದು ರೂಪಾಯಿಯೂ ಖರ್ಚಿಲ್ಲ. ನಿಮ್ಮದು ಆ್ಯಂಡ್ರಾಯ್ಡ್ ಫೋನ್ ಅಂದುಕೊಂಡು ಹೇಳುತ್ತೇನೆ. 'ಫೈಲ್ಸ್ ಬೈ ಗೂಗಲ್' ಅನ್ನೋ ಆ್ಯಪ್ ತುಂಬಾ ಫೋನ್‌ಗಳಲ್ಲಿ ಮೊದಲೇ ಇರುತ್ತೆ, ಇಲ್ಲದಿದ್ದರೆ ಪ್ಲೇ ಸ್ಟೋರ್‌ನಿಂದ ಹಾಕಿಕೊಳ್ಳಿ. ಅದರಲ್ಲಿ 2020ರಿಂದ 'ಸೇಫ್ ಫೋಲ್ಡರ್' ಅಂತ ಒಂದಿದೆ. ಬೇಕಾದ ಫೈಲ್ ಪಕ್ಕದ ಮೂರು ಚುಕ್ಕಿ ಒತ್ತಿ ಸೇಫ್ ಫೋಲ್ಡರ್‌ಗೆ ಕಳಿಸಿ, ನಾಲ್ಕಂಕಿಯ ಪಿನ್ ಕೊಡಿ, ಆಮೇಲೆ ಅದು ಗ್ಯಾಲರಿಯಲ್ಲಿ ಕಾಣೋದಿಲ್ಲ. ಫೋನ್ ತೆರೆಯೋ ಪಿನ್ನನ್ನೇ ಇಲ್ಲೂ ಇಡಬೇಡಿ, ಅದು ಮಕ್ಕಳಿಗೆ ಗೊತ್ತಿರುತ್ತೆ ಅಲ್ವಾ. ಹಲವು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ 'ಸೆಕ್ಯೂರ್ ಫೋಲ್ಡರ್' ಇರುತ್ತೆ, ಅದೂ ಚೆನ್ನಾಗಿದೆ.

ಆದರೆ ಒಂದು ಮಾತು, ದಯವಿಟ್ಟು ಇದನ್ನ ಮರೀಬೇಡಿ. ಸೇಫ್ ಫೋಲ್ಡರ್‌ನ ಪಿನ್ ಮರೆತರೆ ಒಳಗಿರೋದು ವಾಪಸ್ ಬರೋದಿಲ್ಲ. ಫೋನ್ ರಿಸೆಟ್ ಆದರೂ ಅಷ್ಟೇ. ನನಗೇ ಆಗಿದೆ. ಅಮ್ಮನ ಆಸ್ಪತ್ರೆ ರಿಪೋರ್ಟ್‌ಗಳನ್ನೆಲ್ಲ ಸೇಫ್ ಫೋಲ್ಡರ್‌ಗೆ ಹಾಕಿದ್ದೆ. ಫೋನ್ ಪದೇ ಪದೇ ಹ್ಯಾಂಗ್ ಆಗುತ್ತಿತ್ತು ಅಂತ ತುಮಕೂರಿನ ಒಂದು ರಿಪೇರಿ ಅಂಗಡಿಗೆ ಕೊಟ್ಟೆ, ಅವರು ನನ್ನ ಕೇಳದೇ ರಿಸೆಟ್ ಹೊಡೆದಿದ್ದರು. ಅಂಗಡಿ ಮುಂದೆಯೇ ನಿಂತು ಫೋಲ್ಡರ್ ತೆರೆಯೋಕೆ ಹೋದೆ, ಅದು ಹಳೇ ಪಿನ್ ಕೇಳಲಿಲ್ಲ, ಹೊಸ ಪಿನ್ ಹಾಕಿ ಅಂತು. ಆಗಲೇ ಎದೆ ಧಸಕ್ ಅಂದಿತು. ಮತ್ತೆ ಆ ರಿಪೋರ್ಟ್‌ಗಳಿಗಾಗಿ ಎರಡು ದಿನ ಅಲೆದೆ. ಹಾಗಾಗಿ ಬೀಗ ಹಾಕೋ ಮುಂಚೆ ಇನ್ನೊಂದು ಕಾಪಿ ಪೆನ್‌ಡ್ರೈವ್‌ನಲ್ಲಿಟ್ಟು ಬೀರುವಿಗೆ ಸೇರಿಸಿ. ಪಿನ್ ಏನು ಅಂತ ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿ.

ಇನ್ನು, ಫೋಲ್ಡರ್‌ಗೆ ಹಾಕಿದ ಮಾತ್ರಕ್ಕೆ ಮುಗಿಯಲ್ಲ. ಆ ಫೋಟೋ ಹಿಂದೆ ವಾಟ್ಸಾಪ್‌ನಲ್ಲಿ ಯಾರಿಗಾದರೂ ಹೋಗಿದ್ದರೆ ಆ ಚಾಟ್‌ನಲ್ಲಿ ಒಂದು ಕಾಪಿ ಕೂತಿರುತ್ತೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ ಅಲ್ಲೊಂದು. ಅಳಿಸಿದರೂ ಬ್ಯಾಕಪ್ ಆದ ಫೋಟೋ ಅದರ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತೆ. ಅಲ್ಲಿಂದಲೂ ತೆಗೀರಿ.

ನನಗೆ ಮಕ್ಕಳಿಗಿಂತ ಜಾಸ್ತಿ ಭಯ ಇರೋದು ಜೆರಾಕ್ಸ್ ಅಂಗಡಿ ಬಗ್ಗೆ. ಪ್ರಿಂಟ್ ಬೇಕು ಅಂದ ಕೂಡಲೇ ನಾವೆಲ್ಲ ಅಂಗಡಿಯವರ ನಂಬರ್‌ಗೆ ಆಧಾರ್ ಕಳಿಸಿಬಿಡುತ್ತೇವೆ, ಅವರ ಕಂಪ್ಯೂಟರ್‌ನಲ್ಲಿ ಅದು ಎಷ್ಟು ದಿನ ಇರುತ್ತೋ ಯಾರಿಗೆ ಗೊತ್ತು. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಅಂತೀರಾ? ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ಊರಲ್ಲಿ ನಿಮ್ಮನ್ನ ಬಲ್ಲವರಿಗೆಲ್ಲ ಅದು ಗೊತ್ತಿರೋದೇ. ಅದರ ಬದಲು ಆಧಾರ್ ವೆಬ್‌ಸೈಟ್‌ನಲ್ಲಿ 'ಮಾಸ್ಕ್ಡ್ ಆಧಾರ್' ಇಳಿಸಿಕೊಳ್ಳಿ. ಅದರಲ್ಲಿ 12 ಅಂಕಿಯ ಪೈಕಿ ಮೊದಲ 8 ಮರೆಯಾಗಿರುತ್ತವೆ, ಕೊನೆಯ 4 ಮಾತ್ರ ಕಾಣುತ್ತವೆ. ಪೂರ್ತಿ ನಂಬರ್ ಬೇಕೇಬೇಕು ಅನ್ನದ ಕಡೆಗೆಲ್ಲ ಇದನ್ನೇ ಕೊಡಿ.

ಫೈಲ್‌ಗೇ ಪಾಸ್‌ವರ್ಡ್ ಹಾಕಿ ದೂರದ ಊರಿನಲ್ಲಿರೋ ಮನೆಯವರಿಗೆ ಕಳಿಸಬೇಕಾದರೆ 'ಜೆಡ್‌ಆರ್ಕೈವರ್' ಆ್ಯಪ್‌ನಲ್ಲಿ ಪಾಸ್‌ವರ್ಡ್ ಇರೋ ಜಿಪ್ (ಫೈಲ್‌ಗಳನ್ನ ಒಂದೇ ಗಂಟು ಕಟ್ಟಿದಂತಹ ಫೈಲ್) ಮಾಡಬಹುದು. ಫೈಲ್ ಕಳಿಸಿದ ಚಾಟ್‌ನಲ್ಲೇ ಪಾಸ್‌ವರ್ಡ್ ಟೈಪ್ ಮಾಡಬೇಡಿ, ಫೋನ್ ಮಾಡಿ ಹೇಳಿ. ಪಿಡಿಎಫ್‌ಗೆ ಫ್ರೀಯಾಗಿ ಲಾಕ್ ಹಾಕಿಕೊಡುತ್ತೇವೆ ಅನ್ನೋ ಗೊತ್ತಿಲ್ಲದ ವೆಬ್‌ಸೈಟ್‌ಗೆ ಪಾಸ್‌ಬುಕ್ ಅಪ್‌ಲೋಡ್ ಮಾಡೋದಂತೂ ಬೇಡವೇ ಬೇಡ.

ಪಹಣಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ವೆಬ್‌ಸೈಟ್‌ನಲ್ಲಿ ಅದನ್ನ ಯಾರು ಬೇಕಾದರೂ ನೋಡಬಹುದು.

ಮಕ್ಕಳಿಗೆ ಫೋನ್ ಕೊಡೋ ಮುಂಚೆ ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ ಪಿನ್ನಿಂಗ್' (ಫೋನನ್ನ ಒಂದೇ ಆ್ಯಪ್‌ಗೆ ಕಟ್ಟಿಹಾಕೋದು) ಅಂತ ಹುಡುಕಿ ಆನ್ ಮಾಡಿ. ಹೊರಬರೋಕೆ ಪಿನ್ ಕೇಳು ಅನ್ನೋದನ್ನೂ ಆನ್ ಮಾಡಿ, ಫೋನ್‌ನ ಪಿನ್ನನ್ನೂ ಒಂದು ಸಲ ಬದಲಾಯಿಸಿ. ಆಮೇಲೆ ಗೇಮ್ ತೆರೆದು ಅದನ್ನ ಪಿನ್ ಮಾಡಿ ಕೊಟ್ಟರೆ ಹುಡುಗ ಆ ಗೇಮ್ ಬಿಟ್ಟು ಗ್ಯಾಲರಿಗೆ ಹೋಗೋಕೆ ಆಗಲ್ಲ.