ವಾ, ಗಾ ಮತ್ತೆ ಪಕ್ಕದ ಮನೆ ಅಜ್ಜಿಯ ಡಬ್ಬ

ತಮ್ಮಾ, ಅಕ್ಕ ಅಂತ ಕರೆದಿದ್ದೀಯ, ಹಂಗಾಗಿ ನೀನು ಅಂತಾನೇ ಬರೀತೀನಿ. ಏಪ್ರಿಲಲ್ಲಿ ಟೋಕಿಯೋಗೆ ಬರ್ತಿದ್ದೀನಿ, ಜಪಾನೀಸ್ ಪರೀಕ್ಷೆಯ ಮೊದಲ್ನೇ ಮೆಟ್ಟಿಲು ಎನ್ ಫೈವ್ ಪಾಸಾಗಿದೆ, ಮನೆ ಎಲ್ಲಿ ನೋಡೋದು, ವೆಜ್ ಊಟಕ್ಕೆ ಏನ್ ಮಾಡೋದು, ಜಪಾನೀಸಲ್ಲಿ ಪದದ ಕೊನೆಗೆ ಹಚ್ಚೋ ವಾ ಮತ್ತೆ ಗಾ ಎರಡೂ ಪ್ರಥಮಾ ವಿಭಕ್ತಿನಾ, ತಪ್ಪಾಗಿ ಹೇಳಿದ್ರೂ ನಡಿಯುತ್ತಾ ಅಂತ ಕೇಳಿದ್ದೀಯ. ಮನೆ ಕಂಪನಿಯವ್ರೇ ತೋರಿಸ್ತಾರೆ, ನಿಶಿಕಸಾಯ್ ಕಡೆ ಸಿಕ್ರೆ ತಗೋ, ತೋಜಾಯ್ ಮೆಟ್ರೋ ಲೈನ್ ಇದೆ, ನಮ್ಮ ದೇಶದವ್ರು ತುಂಬಾ ಜನ ಇದ್ದಾರೆ, ಬೇಳೆ ಹಿಟ್ಟು ಎಲ್ಲಾ ಸಿಗುತ್ತೆ. ಮನೆ ಸೇರಿದ 14 ದಿನದೊಳಗೆ ವಾರ್ಡ್ ಆಫೀಸಲ್ಲಿ ಅಡ್ರೆಸ್ ಬರೆಸ್ಬೇಕು, ಮರೀಬೇಡ.

ಇನ್ನು ವಾ-ಗಾ. ತಪ್ಪಾದ್ರೂ ನಡಿಯುತ್ತೆ, ಅವ್ರೇ ಅರ್ಥ ಮಾಡ್ಕೋತಾರೆ ಅಂತ ಎಲ್ರೂ ಹೇಳ್ತಾರೆ, 2008ರಲ್ಲಿ ನಾನು ಬಂದಾಗ ನಂಗೂ ಹಂಗೇ ಹೇಳಿದ್ರು. ನಂಗೆ ಒಂದು ಕಡೆ ನಡೀಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಮೊದ್ಲು ಇಂಗ್ಲಿಷ್ ಪುಸ್ತಕ ಪಕ್ಕಕ್ಕಿಡು. ಇಂಗ್ಲಿಷಲ್ಲಿ ಯೋಚ್ನೆ ಮಾಡಿದ್ರೆ ಇದು ಕಷ್ಟ, ಕನ್ನಡದಲ್ಲಿ ಮಾಡಿದ್ರೆ ಅರ್ಧ ನಿಂಗೆ ಆಗ್ಲೇ ಗೊತ್ತು. ಝೋ ವಾ ಹಾನಾ ಗಾ ನಗಾಯ್ ಅಂತ ಒಂದು ವಾಕ್ಯ ಇದೆ, ಆನೆಗೆ ಸೊಂಡಿಲು ಉದ್ದ. ಮಿಕಾಮಿ ಅಕಿರಾ ಅಂತ, ಶಾಲೆಲಿ ಗಣಿತ ಹೇಳ್ಕೊಡ್ತಿದ್ದೋರು, 1960ರಲ್ಲಿ ಈ ವಾಕ್ಯನೇ ಹೆಸರಾಗಿಟ್ಟು ಒಂದು ವ್ಯಾಕರಣದ ಪುಸ್ತಕ ಬರೆದ್ರು. ಇದ್ರಲ್ಲಿ ಕರ್ತೃ ಯಾವ್ದು ಅಂತ ಇಂಗ್ಲಿಷ್‌ನೋರು ತಲೆ ಕೆಡಿಸ್ಕೋತಾರೆ, ನಾವು ದಿನಾ ಹಂಗೇ ಮಾತಾಡೋರು. ವಾತಾಶಿ ವಾ ಅತಾಮಾ ಗಾ ಇತಾಯ್, ನಂಗೆ ತಲೆ ನೋಯ್ತಿದೆ. ಯಾರ ವಿಷ್ಯ ಮಾತಾಡ್ತಿದೀವೋ ಅದಕ್ಕೆ ವಾ, ಅದ್ರೊಳಗೆ ಉದ್ದ ಇರೋದು, ನೋಯೋದು ಯಾವ್ದೋ ಅದಕ್ಕೆ ಗಾ. ಬರೆಯೋದು ಹಾ ಅಂತ, ಓದೋದು ವಾ ಅಂತ, ಅಷ್ಟು ನಿಂಗೆ ಗೊತ್ತಿರುತ್ತೆ.

ಗಾ ಬಹಳ ಸಲ ನಮ್ಮ 'ಏ' ಕೆಲ್ಸ ಮಾಡುತ್ತೆ. ಆಫೀಸಲ್ಲಿ ಇದನ್ನ ಯಾರು ಮಾಡ್ತೀರಾ ಅಂದಾಗ ವಾತಾಶಿ ಗಾ ಯಾರಿಮಾಸು ಅಂದ್ರೆ ನಾನೇ ಮಾಡ್ತೀನಿ ಅಂತ. ವಾತಾಶಿ ವಾ ಅಂದ್ಯೋ, ಬೇರೆಯೋರ್ದು ಗೊತ್ತಿಲ್ಲ, ನಾನಂತೂ ಮಾಡ್ತೀನಿ ಅಂದಂಗೆ. ಎಲ್ಲಾ ಕಡೆ 'ಏ' ಅಂತಲೂ ತಿಳ್ಕೋಬೇಡ, ಆಮೆ ಗಾ ಫುತ್ತೆ ಇಮಾಸು ಅಂದ್ರೆ ಬರೀ ಮಳೆ ಬರ್ತಿದೆ ಅಷ್ಟೇ. ಯಾರು, ಏನು ಅಂತ ಕೇಳೋ ಪದ ಕರ್ತೃ ಆಗಿದ್ರೆ ಅದ್ರ ಮುಂದೆ ಗಾನೇ, ವಾ ಬರಲ್ಲ. ಪ್ರತಿ ವಾಕ್ಯಕ್ಕೂ ವಾತಾಶಿ ವಾ ಅಂತ ಶುರು ಮಾಡ್ಬೇಡ, ಬಂದೆ ಹೋದೆ ಅಂತ ನಾವು ನಾನು ಬಿಟ್ಟೇ ಮಾತಾಡಲ್ವಾ, ಹಂಗೆ ಬಿಡು.

ಪ್ರಥಮಾ ವಿಭಕ್ತಿ ಅಂದ್ಯಲ್ಲ, ಗಾ ಹೆಚ್ಚುಕಮ್ಮಿ ಹೌದು, ವಾ ವಿಭಕ್ತಿನೇ ಅಲ್ಲ, ಕರ್ಮದ ಮೇಲೂ ಕೂರುತ್ತೆ, ಕಾಲದ ಮೇಲೂ ಕೂರುತ್ತೆ. ನಿನ್ನ ಊಟದ ಪ್ರಶ್ನೆನೂ ಇಲ್ಲೇ ಬರುತ್ತೆ ನೋಡು. ಹೋಟ್ಲಲ್ಲಿ ಸಕಾನಾ ವಾ ತಬೆಮಾಸೆನ್ ಅಂದ್ರೆ ಮೀನು ತಿನ್ನಲ್ಲ ಅಂತ ಹೌದು, ಆದ್ರೆ ಕೇಳೋರಿಗೆ ಮೀನು ಮಾತ್ರ ತಿನ್ನಲ್ಲ, ಮಾಂಸ ಆಗ್ಬೋದೇನೋ ಅನ್ಸುತ್ತೆ. ಸಕಾನಾ ಮೊ ನಿಕು ಮೊ ತಬೆಮಾಸೆನ್ ಅನ್ನು, ಮೀನೂ ಮಾಂಸನೂ ತಿನ್ನಲ್ಲ. ಆ ಮೊ ನಮ್ಮ 'ಊ'ನೇ, ನಮ್ಮಂಗೇ ಎರಡೂ ಕಡೆ ಹಚ್ಚೋದು.

ಈ ಊ ಒಂದನ್ನ ಆಗ್ಲೇ ಕಲ್ತಿದ್ರೆ ಅಂತ ನಂಗೆ ಇವತ್ತಿಗೂ ಅನ್ಸುತ್ತೆ. ನಮ್ಮ ಮೊದಲ್ನೇ ಮನೆ ಪಕ್ಕ ಒಬ್ಬ ಅಜ್ಜಿ ಇದ್ರು, ಒಬ್ರೇ. ನಾನು ಬಂದ ಎರಡನೇ ವಾರಕ್ಕೇ ಮೂಲಂಗಿ ಬೇಯಿಸಿ ಡಬ್ಬದಲ್ಲಿ ತಂದ್ಕೊಟ್ರು. ಇಲ್ಲಿ ಅಡಿಗೆಗೆಲ್ಲ ದಾಶಿ ಅಂತ ಒಂದು ಕಟ್ಟು ಹಾಕ್ತಾರೆ, ಅದು ಬಹಳ ಸಲ ಒಣಮೀನಿನದ್ದು. ನಾನು ತಿನ್ನಲ್ಲ ಅಂತ ಕೈಸನ್ನೆಲೇ ಹೇಳಿದೆ. ಮುಂದಿನ ಸಲದಿಂದ ಆ ಅಜ್ಜಿ ನನಗೋಸ್ಕರ ಕೊಂಬು ಅನ್ನೋ ಕಡಲ ಪಾಚಿ ನೆನೆಹಾಕಿ ಬೇರೆ ಕಟ್ಟು ಮಾಡೋಕೆ ಶುರು ಮಾಡಿದ್ರು. ಆರು ತಿಂಗಳು, ಹೆಚ್ಚುಕಮ್ಮಿ ವಾರಕ್ಕೊಂದು ಡಬ್ಬ. ಖಾಲಿ ಡಬ್ಬ ಹಿಂದಕ್ಕೆ ಕೊಡಕ್ಕಾಗುತ್ತಾ, ನಾನೂ ಚಿತ್ರಾನ್ನನೋ ಕೇಸರಿಬಾತೋ ಹಾಕಿ ಕೊಡ್ತಿದ್ದೆ.

ಒಂದಿನ ಕುಂಬಳಕಾಯಿ ಮಾಡಿದ್ರು, ತುಂಬಾ ಚೆನ್ನಾಗಿತ್ತು, ಅಮ್ಮನ ಕೈಯ ಪಲ್ಯ ನೆನಪಾಯ್ತು. ಬರೀ ರುಚಿಯಾಗಿತ್ತು ಅಂದ್ರೆ ಸಾಲ್ದು ಅನ್ಸಿ, ಡಬ್ಬ ಕೊಡುವಾಗ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ವಾಕ್ಯ ಹೇಳಿದೆ, ಕ್ಯೋ ನೊ ವಾ ಓಯ್ಶಿಕತ್ತಾ ದೆಸು. ಇವತ್ತಿಂದು ಚೆನ್ನಾಗಿತ್ತು ಅಂತ ನನ್ನ ಲೆಕ್ಕ. ಅವ್ರಿಗೆ ಕೇಳಿಸಿದ್ದು, ಇವತ್ತಿಂದೇನೋ ಚೆನ್ನಾಗಿತ್ತು. ಈ 'ಏನೋ' ನಿಂಗೆ ಗೊತ್ತಲ್ಲ, ಹುಡುಗ ಏನೋ ಒಳ್ಳೆಯವ್ನು ಅಂತ ಯಾರಾದ್ರೂ ಅಂದ್ರೆ ನಮ್ಮ ಮನೇಲಿ ಎಲ್ರೂ ಕಾಫಿ ಲೋಟ ಕೆಳಗಿಟ್ಟು ಆಮೇಲಿನ ಮಾತಿಗೆ ಕಾಯ್ತಾರೆ. ಅಜ್ಜಿ ಒಂದು ಕ್ಷಣ ಸುಮ್ನಿದ್ರು, ಸೋ ದೆಸು ಕಾ, ಹೌದಾ ಅಂತ ನಕ್ಕು ಬಾಗಿದ್ರು, ಒಳಗೆ ಹೋದ್ರು. ಆಮೇಲೆ ಮೂರು ವಾರ ಡಬ್ಬ ಬರ್ಲಿಲ್ಲ. ಬಂದಾಗ್ಲೂ ಬಾಗ್ಲಲ್ಲೇ ನಿಂತು, ಇದು ಪರ್ವಾಗಿಲ್ವಾ ಅಂತ ಕೇಳಿ ಕೊಡೋರು, ಬರ್ತಾ ಬರ್ತಾ ಅದೂ ನಿಂತೋಯ್ತು. ವಯಸ್ಸಾಯ್ತು ಪಾಪ ಅಂದ್ಕೊಂಡೆ.

ಮೂರು ವರ್ಷ ಆದ್ಮೇಲೆ ಕ್ಲಾಸಲ್ಲಿ ಟೀಚರ್ ಹೇಳಿದ್ರು, ಕ್ಯೋ ವಾ ಕಿರೇ ದೆಸು ನೆ, ಇವತ್ತು ಚೆನ್ನಾಗಿ ಕಾಣ್ತೀರಾ ಅಂತ ಯಾರಿಗೂ ಹೇಳ್ಬೇಡಿ, ಬೇರೆ ದಿನ ಚೆನ್ನಾಗಿ ಕಾಣಲ್ಲ ಅಂದಂಗಾಗುತ್ತೆ ಅಂತ. ಕೈಲಿದ್ದ ಪೆನ್ನು ಅಲ್ಲೇ ನಿಂತೋಯ್ತು. ಆ ಹೊತ್ತಿಗೆ ಅಜ್ಜಿ ಮಗಳ ಮನೆಗೆ ಅಂತ ಸೆಂದಾಯ್‌ಗೆ ಹೋಗಿ ಆಗಿತ್ತು, ಅಡ್ರೆಸ್ ನನ್ನ ಹತ್ರ ಇರ್ಲಿಲ್ಲ. ಕ್ಯೋ ನೊ ಮೊ ಅಂದಿದ್ರೆ ಸಾಕಿತ್ತು, ಇವತ್ತಿಂದೂ ಚೆನ್ನಾಗಿತ್ತು ಅಂತ. ಅವ್ರು ಮೂಲಂಗಿಗೆ ಪಾಚಿ ನೆನೆಹಾಕಿದ ಅಷ್ಟೂ ದಿನ ಆ ಒಂದು ಮೊ ಒಳಗೆ ಬಂದ್ಬಿಡ್ತಿತ್ತು.

ಎನ್ ಫೋರ್ ಆದ್ಮೇಲೆ ಬರ್ಲಾ ಅಂತ ಕೊನೇಲಿ ಕೇಳಿದ್ದೀಯ. ಬೇಡ, ಬಂದ್ಬಿಡು, ಜುಲೈಲೂ ಡಿಸೆಂಬರಲ್ಲೂ ಇಲ್ಲೇ ಬರೀಬೋದು. ಅಕ್ಕಪಕ್ಕದವ್ರು ಏನಾದ್ರೂ ಕೊಟ್ರೆ ಮಾತ್ರ ಯಾವ ಪದ ಹಚ್ಚೋದು ಅಂತ ಮೊದ್ಲು ನನ್ನ ಕೇಳು, ರಾತ್ರಿ ಹನ್ನೊಂದಾದ್ರೂ ಪರ್ವಾಗಿಲ್ಲ.