ಎರಡು ಗಂಟೆಗೆ ಬರದ ಫೋನು

ಪೀಣ್ಯದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ.

“ನನ್ನದು ಇಲ್ಲಿನ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಸಣ್ಣ ಸಿಎನ್‌ಸಿ ಶೆಡ್, ಅಂದರೆ ಕಂಪ್ಯೂಟರ್ ನಡೆಸುವ ಮಷಿನಿನಲ್ಲಿ ಬಿಡಿಭಾಗ ಕೊರೆಯುವ ಕೆಲಸ. 38 ಜನ ಇದ್ದಾರೆ. ಸಂಬಳ ಒಂದು ದಿನವೂ ತಡ ಮಾಡಿಲ್ಲ. ಹೋದ ತಿಂಗಳು ನೈಟ್ ಶಿಫ್ಟಿನಲ್ಲಿ ಬೋರ್ (ತೂತಿನ) ಸೈಜ್ ತಪ್ಪಿ 240 ಪೀಸ್ ರಿಜೆಕ್ಟ್ ಆಯಿತು. ಆಪರೇಟರಿಗೆ ಎರಡು ಗಂಟೆಗೇ ಅನುಮಾನ ಬಂದಿತ್ತಂತೆ. ಹೇಳಲಿಲ್ಲ. ಈಗ ಮಗಳು ಲೀಡರ್‌ಶಿಪ್ ಕೋಚ್ ಒಬ್ಬರನ್ನು ಗೊತ್ತು ಮಾಡಿದ್ದಾಳೆ. ಅವರು ಕೆಲಸಗಾರರಿಗೆ ಏನೂ ಕಲಿಸುತ್ತಿಲ್ಲ, ನನ್ನನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ‘ಅವತ್ತು ಆಪರೇಟರ್ ಫೋನ್ ಮಾಡಿದ್ದರೆ ನಿಮ್ಮ ಮೊದಲ ಮಾತು ಏನಿರುತ್ತಿತ್ತು?’ ಅಂದರು. ಸಿಟ್ಟು ಬಂತು. ತಪ್ಪು ಅವನದು, ಪಾಠ ನನಗಾ? ಇದೆಲ್ಲ ಐಟಿ ಕಂಪನಿಯವರಿಗೆ ಸರಿ. ನಮ್ಮಂಥವರಿಗೆ ಬೇಕಾ?”

ಬೇಕು ಸರ್. ನಿಮಗೇ ಬೇಕು. ಸಿಟ್ಟು ಬಂದಿದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಅದಕ್ಕೇ ನಾನೂ ಬಿಚ್ಚಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ತೀರಿಕೊಂಡವರ ಫೋಟೊ ಬದಲು ಅವರ ತಮ್ಮನ ಫೋಟೊ ಅಚ್ಚಾಯಿತು. ತಮ್ಮ ಬದುಕಿದ್ದರು. ಅವರ ಹೆಂಡತಿ ಫೋನ್ ಮಾಡಿ ಅತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಗೊತ್ತಾಯಿತು, ಕರಡು ತಿದ್ದುವವರಿಗೆ ಆ ಸಂಜೆಯೇ ಅನುಮಾನ ಬಂದಿತ್ತು. ಆದರೆ ಅವತ್ತು ಬೆಳಿಗ್ಗೆ ಅವರು ಬೇರೇನೋ ತಪ್ಪು ತೋರಿಸಲು ಬಂದಾಗ ನಾನು, “ಇಷ್ಟು ಹೊತ್ತು ಏನು ಮಾಡ್ತಿದ್ರಿ? ಈಗ ಬಂದು ಹೇಳ್ತೀರಲ್ಲ” ಎಂದಿದ್ದೆ. ಒಂದೇ ಮಾತು. ನಾನು ಮರೆತೂ ಬಿಟ್ಟಿದ್ದೆ. “ಸಂಜೆ ಕೇಳೋಣ ಅಂತ ಎರಡು ಸಲ ಬಾಗಿಲ ತನಕ ಬಂದೆ ಸರ್” ಎಂದರು ಅವರು.

ನಿಮ್ಮ ಆಪರೇಟರ್ ಕೂಡ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿರಬಹುದು. ಕೇಳಿದ್ದೀರಾ?

ಕೆಲಸದ ಜಾಗದ ಸಂಸ್ಕೃತಿ ಅಂದಾಗ ನಮಗೆ ಹಬ್ಬ, ಔಟಿಂಗ್, ಗೋಡೆಯ ಮೇಲಿನ ಬರಹ ನೆನಪಾಗುತ್ತವೆ. ಆಯುಧಪೂಜೆಗೆ ಮಷಿನಿಗೆ ಹೂವು ಹಾಕಿ, ಬೂದುಗುಂಬಳ ಒಡೆದು, ಎಲ್ಲರಿಗೂ ಕಡ್ಲೆಪುರಿ ಸ್ವೀಟು ಹಂಚುತ್ತೀರಿ. ಒಳ್ಳೆಯದು, ಬಿಡಬೇಡಿ. ಆದರೆ ಕೆಟ್ಟ ಸುದ್ದಿ ತಂದವನಿಗೆ ಓನರ್ ಏನಂದರು ಅನ್ನುವುದನ್ನು ಇಡೀ ಶೆಡ್ ನೋಡುತ್ತಿರುತ್ತದೆ. ಮುಂದಿನ ಸಲ ಬಾಯಿ ಬಿಡಬೇಕೋ ಬೇಡವೋ ಅಂತ 38 ಜನವೂ ಅಲ್ಲೇ ತೀರ್ಮಾನಿಸುತ್ತಾರೆ. ಅದಕ್ಕೇ ಕೋಚ್ ನಿಮ್ಮ ಮುಂದೆ ಕೂತಿದ್ದಾರೆ.

ಇದು ಐಟಿಯವರ ಶೋಕಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಟೊಯೊಟಾದ ಕಥೆ ಶುರುವಾಗುವುದು ಮಗ್ಗದಿಂದ. ಸಕಿಚಿ ಟೊಯೊಡ 1924ರಲ್ಲಿ ತಂದ ಮಗ್ಗ, ಒಂದು ನೂಲು ತುಂಡಾದರೂ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಮುಂದಕ್ಕೆ ನೇಯುವುದಕ್ಕಿಂತ ನಿಲ್ಲುವುದೇ ಲಾಭ ಅಂತ. ಆಮೇಲೆ ಕಾರಿನ ಲೈನಿನಲ್ಲಿ ಆ ಅಧಿಕಾರವನ್ನು ಕೆಲಸಗಾರರ ಕೈಗೇ ಕೊಟ್ಟರು. ಏನೋ ಸರಿಯಿಲ್ಲ ಅನ್ನಿಸಿದರೆ ಲೈನಿನ ಪಕ್ಕ ಕಟ್ಟಿದ ಹಗ್ಗ ಎಳೆಯಬೇಕು. ಟೀಮ್ ಲೀಡರ್ ಓಡಿ ಬರುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಹಗ್ಗ ಕಟ್ಟುವುದು ಸುಲಭ ಸರ್, ಯಾರು ಬೇಕಾದರೂ ಕಟ್ಟಬಹುದು. ಎಳೆದವನನ್ನು ಬೈಯದೆ ಇರುವುದು ಕಷ್ಟ, ಅದನ್ನು ಲೀಡರ್ ಅಭ್ಯಾಸ ಮಾಡಿಕೊಳ್ಳಬೇಕು. ನಿಮ್ಮ ಶೆಡ್ಡಿನಲ್ಲಿ ರಾತ್ರಿ ಮಷಿನ್ ನಿಲ್ಲಿಸುವ ಅಧಿಕಾರ ಯಾರಿಗಿದೆ? ಪತ್ರದಲ್ಲಿ ಅದನ್ನು ಬರೆದಿಲ್ಲ.

ಇನ್ನು ಕೋಚ್ ಉತ್ತರ ಹೇಳದೆ ಪ್ರಶ್ನೆಯನ್ನೇ ಯಾಕೆ ಕೇಳುತ್ತಾರೆ? ಈ ರೀತಿ ಬಂದಿದ್ದು ಬಹುಮಟ್ಟಿಗೆ ಟೆನಿಸ್ ಅಂಗಳದಿಂದ. 1970ರ ದಶಕದಲ್ಲಿ ಅಮೆರಿಕದ ಕೋಚ್ ಟಿಮೊತಿ ಗಾಲ್ವೇ ಗಮನಿಸಿದ್ದು ಇಷ್ಟು: ಮೊಣಕೈ ಹೀಗಿಡು, ಕಾಲು ಹಾಗಿಡು ಅಂತ ಹೇಳಿದಷ್ಟೂ ಕಲಿಯುವವರು ಬಿಗಿಯಾಗುತ್ತಿದ್ದರು. ಅದನ್ನು ಬಿಟ್ಟು ಅವರು, ಚೆಂಡು ನೆಲಕ್ಕೆ ಬಡಿದಾಗ ಒಂದು ಪದ, ಬ್ಯಾಟಿಗೆ ತಗುಲಿದಾಗ ಇನ್ನೊಂದು ಪದ ಜೋರಾಗಿ ಹೇಳಿಸಿದರು. ಅಷ್ಟೇ. ಗಮನ ಚೆಂಡಿನ ಮೇಲೆ ನಿಂತಾಗ ಹೊಡೆತ ತಾನೇ ತಿದ್ದಿಕೊಳ್ಳತೊಡಗಿತು. ನಿಮ್ಮ ಕೋಚ್ ಕೇಳಿದ್ದೂ ಅಂಥದೇ ಪ್ರಶ್ನೆ. ನಿಮ್ಮ ಬಾಯಿಂದ ಬರುವ ಮೊದಲ ಮಾತನ್ನು ನೀವೇ ನೋಡಲಿ ಅಂತ. ‘ಯಾಕಯ್ಯಾ ಹಾಳು ಮಾಡ್ದೆ’ ಅಂದರೆ ಎದುರಿನವರು ಕಾರಣ ಹುಡುಕುತ್ತಾರೆ. ‘ಯಾವ ಪೀಸಿನಿಂದ ಸೈಜ್ ತಪ್ಪಿದ್ದು?’ ಅಂದರೆ ಇನ್ಸರ್ಟ್ (ಕತ್ತರಿಸುವ ಮೊನೆ) ನೋಡುತ್ತಾರೆ, ಆಫ್‌ಸೆಟ್ (ಮಷಿನಿಗೆ ಕೊಟ್ಟ ಅಳತೆಯ ತಿದ್ದುಪಡಿ) ನೋಡುತ್ತಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ನೀವು ಬದಲಾದ ಮೇಲೆ ಶುರುವಿನಲ್ಲಿ ತಪ್ಪುಗಳು ಜಾಸ್ತಿಯಾದಂತೆ ಕಾಣುತ್ತದೆ. ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ತಿರುಗಿಬಂತು, ಒಳ್ಳೆಯ ತಂಡಗಳಲ್ಲೇ ಜಾಸ್ತಿ! ಆಮೇಲೆ ವಿಷಯ ತಿಳಿಯಿತು. ಆ ವಾರ್ಡುಗಳ ನರ್ಸ್‌ಗಳು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಹೇಳಿದರೆ ತೊಂದರೆಯಾಗದು ಎಂಬ ಆ ಧೈರ್ಯದ ಬಗ್ಗೆ ಎಡ್ಮಂಡ್‌ಸನ್ 1999ರಲ್ಲಿ ಬರೆದ ಪ್ರಬಂಧವನ್ನು ಈಗ ದೊಡ್ಡ ದೊಡ್ಡ ಕಂಪನಿಗಳು ಓದುತ್ತವೆ. ಹಾಗಾಗಿ ಮುಂದಿನ ಎರಡು ಮೂರು ತಿಂಗಳು ನಿಮ್ಮ ಟೇಬಲ್ಲಿಗೆ ಕೆಟ್ಟ ಸುದ್ದಿ ಜಾಸ್ತಿ ಬಂದರೆ ಕೋಚನ್ನು ಬಿಡಿಸಬೇಡಿ. ಮೊದಲೂ ಅವು ಇದ್ದವು, ನಿಮ್ಮ ತನಕ ಬರುತ್ತಿರಲಿಲ್ಲ, ಅಷ್ಟೇ ಅಲ್ವಾ?

ಆದರೆ ಕೋಚಿಂಗ್ ಮಾಡಲಾಗದ್ದೂ ಇದೆ. ನೈಟ್ ಶಿಫ್ಟ್ 12 ಗಂಟೆ ಎಳೆದು, ಓವರ್‌ಟೈಮಿಗೆ ಕಾನೂನಿನಂತೆ ಎರಡು ಪಟ್ಟು ಕೊಡದೆ ಇದ್ದರೆ, ಎಷ್ಟು ಮೆಲ್ಲಗೆ ಮಾತಾಡಿದರೂ ಜನ ಪಕ್ಕದ ಶೆಡ್ಡಿಗೆ ಹೋಗುತ್ತಾರೆ. ಕೆಲಸದಲ್ಲಿ ಮನಸ್ಸಿಡಲು ಮೈಯಲ್ಲಿ ಶಕ್ತಿಯೂ ಉಳಿದಿರಬೇಕು. ನಿಮ್ಮ ಸೂಪರ್‌ವೈಸರನ್ನೂ ಕೋಚ್ ಜೊತೆ ಕೂರಿಸಿ. ರಾತ್ರಿ ಎದುರಿಗಿರುವವರು ಅವರು, ನೀವಲ್ಲ. ಮತ್ತೆ, ಕೋಚ್ ಹತ್ತಿರ ಯಾರು ಏನು ಹೇಳಿದರು ಅಂತ ಯಾವತ್ತೂ ಕೇಳಬೇಡಿ. ಒಬ್ಬರ ಹೆಸರು ಹೊರಗೆ ಬಂದರೆ ಸಾಕು, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಆ ಆಪರೇಟರ್ ಇನ್ನೂ ನಿಮ್ಮಲ್ಲೇ ಇದ್ದಾರೆ ಅಂತ ಪತ್ರದ ಕೊನೆಗೆ, ಇಲ್ಲಿ ಅಚ್ಚು ಹಾಕದ ಸಾಲಿನಲ್ಲಿ, ಬರೆದಿದ್ದೀರಿ. ಓದಿ ಸಮಾಧಾನವಾಯಿತು. ಅವರ ನೈಟ್ ಶಿಫ್ಟ್ ಇರುವ ದಿನ ಒಮ್ಮೆ ಹೋಗಿ. ಆಫೀಸಿಗೆ ಕರೆಸಬೇಡಿ, ಮಷಿನ್ ಹತ್ತಿರ ನೀವೇ ಹೋಗಿ ನಿಂತು ಟೀ ಕುಡಿಯಿರಿ. 240 ಪೀಸಿನ ಲೆಕ್ಕ ತೆಗೆಯಬೇಡಿ. “ಅವತ್ತು ನನಗೆ ಫೋನ್ ಮಾಡೋಕೆ ಏನು ಅಡ್ಡ ಬಂತು?” ಅಂತ ಕೇಳಿ ಸುಮ್ಮನಿರಿ. ಅವರು ತಕ್ಷಣ ಏನೂ ಹೇಳಲಿಕ್ಕಿಲ್ಲ, ಕಾಯಿರಿ. ಏನು ಹೇಳಿದರು ಅಂತ ನನಗೂ ಬರೆಯಿರಿ.

— ಸಂಪಾದಕ